ಗಟ್ಟಿಯಾಗಿ ಓದಿಸುತ್ತಿದ್ದ ಅಗ್ರಿಮೆಂಟ್ ಮೇಷ್ಟ್ರು

ಮೇಲಿನ ಮನೆಗೆ ಹೊಸದಾಗಿ ಬರುವ ಹುಡುಗಿಯರ ಕಾಗದಪತ್ರ ಇಡಲು ಬೀರುವಿನ ಕೆಳಗಿನ ಖಾನೆ ಖಾಲಿ ಮಾಡುತ್ತಿದ್ದೆ. ಹಳೆಯ ಫೈಲೊಂದರಿಂದ ಕಾರ್ಬನ್ ಹಾಳೆ ಜಾರಿ ಬಿತ್ತು. ಎತ್ತಿಕೊಂಡರೆ ಬೆರಳೆಲ್ಲ ನೀಲಿ. ಮೂಸಿ ನೋಡಿದೆ. ಸೀಮೆಎಣ್ಣೆಯೂ ಅಲ್ಲದ, ಮೇಣವೂ ಅಲ್ಲದ ಆ ವಾಸನೆ ಇಷ್ಟು ವರ್ಷವಾದರೂ ಹಾಗೇ ಇದೆ. ಆ ವಾಸನೆಗೆ ನನಗೆ ನೆನಪಾಗುವುದು ಒಬ್ಬರೇ...

ರಾಜಾಜಿನಗರದಲ್ಲಿ, ಹಳೆಯ ಕಟ್ಟಡವೊಂದರ ಮೆಟ್ಟಿಲಡಿಯಲ್ಲಿ ಒಂದು ಟೈಪ್‌ರೈಟರ್, ಒಂದು ಮೇಜು, ಎರಡು ಸ್ಟೂಲು ಇಟ್ಟುಕೊಂಡು ಅವರು ಮನೆ ಬಾಡಿಗೆಯ ಕರಾರುಪತ್ರ ಟೈಪ್ ಮಾಡಿಕೊಡುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಸುತ್ತಮುತ್ತಲಿನ ಮನೆ ಓನರ್‌ಗಳೆಲ್ಲ ಅವರನ್ನು ಅಗ್ರಿಮೆಂಟ್ ಮೇಷ್ಟ್ರು ಎನ್ನುತ್ತಿದ್ದರು. ಕಾರಣ ಇತ್ತು. ಟೈಪ್ ಮಾಡಿದ ಕಾಗದವನ್ನು ಅವರು ಸುಮ್ಮನೆ ಕೈಗೆ ಕೊಡುತ್ತಿರಲಿಲ್ಲ. ಓನರ್ ಏನೇನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಓನರ್ ಬಾಯಲ್ಲೇ ಗಟ್ಟಿಯಾಗಿ ಓದಿಸುತ್ತಿದ್ದರು. ಬಾಡಿಗೆದಾರರದನ್ನು ಬಾಡಿಗೆದಾರರು ಓದಬೇಕು. ಅದಾದ ಮೇಲೆಯೇ ಸಹಿ. ಓದಲು ಬಾರದವರಿಗೆ ತಾವೇ ತುಂಡು ತುಂಡಾಗಿ ಹೇಳಿಕೊಟ್ಟು, ಮದುವೆ ಮಂಟಪದಲ್ಲಿ ಪುರೋಹಿತರು ಹೇಳಿಸುವ ಹಾಗೆ ಹೇಳಿಸುತ್ತಿದ್ದರು. ಅದರ ಒಂದು ಕಾರ್ಬನ್ ಪ್ರತಿಯನ್ನು ತಮ್ಮ ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ನನ್ನವರು ತೀರಿಕೊಂಡ ಮೇಲೆ ಬಸವೇಶ್ವರನಗರದ ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡುವ ಕೆಲಸ ನನ್ನ ತಲೆಗೆ ಬಂತು. ಮೊದಲ ಸಲ ಅವರ ಮುಂದೆ ಕೂತಾಗ ನನಗೆ ಆಫೀಸಿಗೆ ಹೊತ್ತಾಗುತ್ತಿತ್ತು. "ಓದಿದ ಹಾಗೇ ಅಂದ್ಕೊಳ್ಳಿ, ಕೊಡಿ ಸೈನ್ ಹಾಕ್ತೀನಿ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಓದಿ ಅಮ್ಮ. ಸ್ವಲ್ಪ ಜೋರಾಗೇ ಓದಿ. ಬಾಡಿಗೆಗೆ ಬರ್ತಿರೋರಿಗೂ ಕೇಳಿಸ್ಲಿ."

ಬಾಡಿಗೆಗೆ ಬರುತ್ತಿದ್ದವರು ತುಮಕೂರು ಕಡೆಯ ಹೊಸ ಜೋಡಿ. ಹುಡುಗ ಖಾಸಗಿ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದ. ಅವರ ಎದುರಿಗೆ, ಹೋಗಿಬರುವ ಜನರ ಎದುರಿಗೆ, ಮೂರನೇ ಕ್ಲಾಸಿನ ಮಗುವಿನ ಹಾಗೆ ಓದಿದೆ. ಮನೆ ಬೇಕೆಂದರೆ ಎರಡು ತಿಂಗಳು ಮುಂಚೆ ಬರವಣಿಗೆಯಲ್ಲಿ ತಿಳಿಸುತ್ತೇನೆ. ಹೇಳದೆ ಕೇಳದೆ ಒಳಗೆ ಬರುವುದಿಲ್ಲ. ಬಾಡಿಗೆದಾರರು ಇರುವವರೆಗೆ ಯಾವ ಕಾರಣಕ್ಕೂ ನೀರು, ವಿದ್ಯುತ್ ನಿಲ್ಲಿಸುವುದಿಲ್ಲ... ನನಗೆ ನಗು ಬಂತು. ನೀರು ನಿಲ್ಲಿಸುವಂಥ ಹೆಂಗಸಿನ ಹಾಗೆ ಕಾಣುತ್ತೇನೆಯೇ ನಾನು, ಎಂದುಕೊಂಡೆ.

ನಮ್ಮ ಕಡೆ ಅಗ್ರಿಮೆಂಟ್ ಎಂದರೆ ಹನ್ನೊಂದು ತಿಂಗಳು. ಹನ್ನೆರಡು ದಾಟಿದರೆ ರಿಜಿಸ್ಟರ್ ಮಾಡಿಸಬೇಕಲ್ಲ, ಅದಕ್ಕೆ. ಹನ್ನೊಂದು ಮುಗಿದ ಮಾರನೇ ದಿನ ಬಾಡಿಗೆದಾರರು ಹೊರಗಿನವರು, ಯಾವಾಗ ಬೇಕಾದರೂ ಎಬ್ಬಿಸಬಹುದು ಎಂಬುದು ನಮ್ಮ ಬೀದಿಯ ಓನರ್‌ಗಳೆಲ್ಲರ ಗಟ್ಟಿ ನಂಬಿಕೆ. ನನ್ನದೂ ಅದೇ. ಅವರ ಹನ್ನೊಂದು ತಿಂಗಳು ಮುಗಿಯಿತು. ಹೊಸ ಅಗ್ರಿಮೆಂಟ್ ಮಾಡಿಸಲು ನಾನೂ ಹೋಗಲಿಲ್ಲ, ಅವರೂ ಕೇಳಲಿಲ್ಲ. ಬಾಡಿಗೆ ಕೊಡುತ್ತಿದ್ದರು, ಇಸಿದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ನನ್ನ ತಮ್ಮನಿಗೆ ಬೆಂಗಳೂರಿಗೆ ವರ್ಗವಾಯಿತು. "ಮೇಲಿನ ಮನೆ ನಿಂದೇ ಕಣೋ, ಹದಿನೈದು ದಿನದಲ್ಲಿ ಖಾಲಿ ಮಾಡಿಸ್ತೀನಿ" ಎಂದು ಫೋನಿನಲ್ಲಿ ಮಾತು ಕೊಟ್ಟುಬಿಟ್ಟೆ. ಮೇಲೆ ಹೋಗಿ ಹೇಳಿದರೆ, ಆ ಹುಡುಗಿ ಹಾಸಿಗೆಯಲ್ಲಿ ಮಲಗಿದ್ದಾಳೆ. ಏಳು ತಿಂಗಳ ಬಸುರಿ. ಕಾಲಡಿ ಎರಡು ದಿಂಬು. ಮೆಟ್ಟಿಲು ಹತ್ತಿ ಇಳಿಯಕೂಡದು, ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳಕೂಡದು ಎಂದು ಡಾಕ್ಟರು ಹೇಳಿದ್ದರಂತೆ. ಹಿಂದೆ ಒಂದು ಸಲ ಗರ್ಭ ನಿಲ್ಲದೆ ಹೋಗಿತ್ತಂತೆ. ಹುಡುಗ ಕೈಮುಗಿದ. "ಮೂರು ತಿಂಗ್ಳು ಟೈಮ್ ಕೊಡಿ ಆಂಟಿ."

ಕೊಡಬಹುದಿತ್ತು. ಆದರೆ ನನ್ನ ಮಾತು ಹೋಗುತ್ತದಲ್ಲ ಎಂಬ ಸಿಟ್ಟು ನನಗೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇದನ್ನು ನಾನೇನೂ ಮುಚ್ಚಿಡುವುದಿಲ್ಲ. ಎದುರು ಮನೆಯ ಓನರಮ್ಮ ಉಪಾಯ ಹೇಳಿಕೊಟ್ಟರು. "ಬಾಯಲ್ಲಿ ಹೇಳಿದ್ರೆ ಯಾರ್ ಹೋಗ್ತಾರ್ರೀ? ಟ್ಯಾಂಕಿನ ವಾಲ್ವ್ ತಿರುಗ್ಸಿ. ನಾಲ್ಕನೇ ದಿನಕ್ಕೆ ಅವರೇ ಗಂಟುಮೂಟೆ ಕಟ್ತಾರೆ." ಮಾರನೇ ಬೆಳಿಗ್ಗೆ ಮಹಡಿಗೆ ಹೋಗುವ ಪೈಪಿನ ವಾಲ್ವ್ ತಿರುಗಿಸಿದೆ. ಇದನ್ನು ಬೇರೆ ಯಾರೂ ಮಾಡಲಿಲ್ಲ, ನಾನೇ ಮಾಡಿದೆ.

ಹುಡುಗ ಜಗಳಕ್ಕೆ ಬರಲಿಲ್ಲ. ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ಎಂಟು ಬಿಂದಿಗೆ, ಸಂಜೆ ಬಂದು ಎಂಟು ಬಿಂದಿಗೆ, ಬೀದಿ ಕೊನೆಯ ಬೋರ್‌ವೆಲ್ಲಿನಿಂದ ಹೊತ್ತು ತಂದ. ನಾನು ಕಿಟಕಿಯ ಹಿಂದೆ ನಿಂತು ಎಣಿಸುತ್ತಿದ್ದೆ.

ಮೂರನೇ ದಿನ ಮೇಷ್ಟ್ರ ಹತ್ತಿರ ಹೋದೆ. ಒಂದು ವಾರದಲ್ಲಿ ಜಾಗ ಖಾಲಿ ಮಾಡಬೇಕೆಂದು ಖಾರವಾಗಿ ಒಂದು ನೋಟಿಸ್ ಹೊಡೆದುಕೊಡಿ ಎಂದೆ. ಅವರು ಟೈಪ್‌ರೈಟರಿಗೆ ಹಾಳೆ ಹಾಕಲಿಲ್ಲ.

"ಮೇಲಕ್ಕೆ ನೀರು ಹೋಗ್ತಾ ಇದ್ಯಾ ಅಮ್ಮ?"

ಅವರು ಡ್ರಾಯರ್ ಎಳೆದು ನನ್ನ ಅಗ್ರಿಮೆಂಟಿನ ಕಾರ್ಬನ್ ಪ್ರತಿ ತೆಗೆದು ಮುಂದಿಟ್ಟರು. "ಆರನೇ ಷರತ್ತು ಓದಿ" ಎಂದರು. ಅವಧಿ ಮುಗಿದಿದೆ, ಅದಕ್ಕೀಗ ಬೆಲೆಯಿಲ್ಲ ಎಂದು ವಾದ ಮಾಡಿದೆ.

"ಮುಗಿದ ಮೇಲೂ ಬಾಡಿಗೆ ತಗೊಂಡ್ರಲ್ಲ? ಅಂದ್ಮೇಲೆ ಅವರು ತಿಂಗಳಿಂದ ತಿಂಗಳಿಗೆ ನಿಮ್ಮ ಬಾಡಿಗೆದಾರರೇ. ಎಬ್ಬಿಸೋಕೆ ನೋಟಿಸ್ ಬೇಕು, ಒಪ್ಪದಿದ್ರೆ ಕೋರ್ಟಿಗೆ ಹೋಗ್ಬೇಕು. ನೀರು ನಿಲ್ಲಿಸೋಕೆ ಮಾತ್ರ ಅಗ್ರಿಮೆಂಟ್ ಇದ್ರೂ ಆಗಲ್ಲ, ಇಲ್ದಿದ್ರೂ ಆಗಲ್ಲ. ಕಾನೂನೇ ಒಪ್ಪಲ್ಲ. ಓದಿ."

ಪಕ್ಕದಲ್ಲಿ ಯಾರೋ ಇಬ್ಬರು ತಮ್ಮ ಸರದಿಗೆ ಕಾಯುತ್ತ ನಿಂತಿದ್ದರು. ಅವರ ಮುಂದೆ ಓದಿದೆ. ನೀರು ಎಂಬಲ್ಲಿಗೆ ಬಂದಾಗ ದನಿ ತಗ್ಗಿಸಿ ಓದಿ ಮುಗಿಸಿದೆ. ಅಯ್ಯೋ, ಆಗ ಮೈಯೆಲ್ಲ ಉರಿದುಹೋದದ್ದು ಈಗಲೂ ನೆನಪಿದೆ. ಕಾಗದವನ್ನು ಮೇಜಿನ ಮೇಲೆ ಬಿಸಾಡಿ ಎದ್ದು ಬಂದೆ.

ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ವಾಲ್ವ್ ತಿರುಗಿಸಿದೆ. ಮೇಲೆ ಬಚ್ಚಲಲ್ಲಿ ಯಾವುದೋ ನಲ್ಲಿ ತೆರೆದೇ ಇತ್ತೆಂದು ಕಾಣುತ್ತದೆ, ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿತು. ತಮ್ಮನಿಗೆ ಫೋನ್ ಮಾಡಿ ಆಗುವುದಿಲ್ಲ ಎಂದೆ. ಅವನು ಬಾಪೂಜಿ ನಗರದಲ್ಲಿ ಮನೆ ಹಿಡಿದು ಒಂದು ವರ್ಷ ನನ್ನ ಹತ್ತಿರ ಮಾತು ಬಿಟ್ಟ. ಮಹಡಿಯ ಹುಡುಗಿಗೆ ತಿಂಗಳು ತುಂಬಿ ಹೆಣ್ಣು ಮಗುವಾಯಿತು. ಮಗುವಿಗೆ ಎರಡು ತುಂಬಿದಾಗ ಅವರು ಬ್ಯಾಡರಹಳ್ಳಿಯ ಕಡೆ ಸ್ವಂತ ಮನೆ ಕಟ್ಟಿಕೊಂಡು ಹೋದರು.

ಮೇಷ್ಟ್ರ ಹತ್ತಿರ ಮತ್ತೆ ನಾನು ಹೋಗಲಿಲ್ಲ. ಅಷ್ಟು ಜನರ ಮುಂದೆ ಮಾನ ಕಳೆದರಲ್ಲ ಎಂಬುದೇ ತಲೆಯಲ್ಲಿ ಕೂತಿತ್ತು. ಮುಂದಿನ ಬಾಡಿಗೆದಾರರ ಕಾಗದವನ್ನೆಲ್ಲ ವಿಜಯನಗರದಲ್ಲಿ ಮಾಡಿಸಿದೆ. ರಾಜಾಜಿನಗರಕ್ಕೆ ಹೋದರೂ ಅವರ ಕಣ್ಣಿಗೆ ಬೀಳಬಾರದೆಂದು ಒಂದು ಬೀದಿ ಸುತ್ತಿಕೊಂಡೇ ಹೋಗುತ್ತಿದ್ದೆ. ಆದರೆ ಅಲ್ಲಿಂದೀಚೆಗೆ ನೋಟಿಸ್ ಕೊಡದೆ ಯಾರನ್ನೂ ಎಬ್ಬಿಸಿಲ್ಲ, ಕೇಳದೆ ಯಾರ ಬಾಗಿಲೂ ತಳ್ಳಿಲ್ಲ. ಎದುರು ಮನೆಯಾಕೆ ನನ್ನನ್ನು ಲಾಯರಮ್ಮ ಎಂದು ಹಂಗಿಸುತ್ತಾರೆ.

ಹೋದ ತಿಂಗಳು ಮದುವೆ ಮನೆಯೊಂದರಲ್ಲಿ ಆ ಹುಡುಗ ಸಿಕ್ಕಿದ. ಈಗ ಹುಡುಗನೇನಲ್ಲ, ತಲೆ ನರೆತಿದೆ. ತನ್ನ ಮನೆಯ ಕೆಳಗಿನ ಭಾಗ ಬಾಡಿಗೆಗೆ ಕೊಟ್ಟಿದ್ದಾನಂತೆ. ಕಾಗದಪತ್ರಕ್ಕೆ ಮೇಷ್ಟ್ರ ಹತ್ತಿರವೇ ಹೋಗುತ್ತಿದ್ದೆ ಎಂದ.

"ಮೂರು ವರ್ಷ ಆಯ್ತಲ್ಲ ಆಂಟಿ, ಅವರು ಹೋಗ್ಬಿಟ್ಟು. ನಿಮ್ಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಅವನು ತಾನಾಗಿಯೇ ಹೇಳಿದ. ನೀರು ನಿಂತ ಎರಡನೇ ದಿನ ಅವನೂ ಅವರ ಹತ್ತಿರ ಹೋಗಿದ್ದನಂತೆ, ನನ್ನ ಮೇಲೆ ಪೊಲೀಸ್ ಕಂಪ್ಲೇಂಟ್ ಟೈಪ್ ಮಾಡಿಸಲು.

"ಪೂರ್ತಿ ಟೈಪ್ ಮಾಡಿದ್ರು ಆಂಟಿ. ಆಮೇಲೆ, 'ನಾಳೆವರ್ಗೂ ತಡಿಯಪ್ಪ, ಆಯಮ್ಮನಿಗೆ ಕೋಪ ಜಾಸ್ತಿ, ಕೆಟ್ಟವರಲ್ಲ, ಒಂದ್ಸಲ ಕರೆಸಿ ಓದಿಸ್ತೀನಿ' ಅಂದ್ರು. ನೀರು ಬಂತು ಅಂತ ನಾನೇ ಓಡಿಹೋಗಿ ಹೇಳ್ದೆ. ಕಂಪ್ಲೇಂಟ್ ಹರಿದು ಬುಟ್ಟಿಗೆ ಹಾಕಿದ್ರು. 'ಆಯಮ್ಮ ಈ ಕಡೆ ಬಂದೇ ಬರ್ತಾರೆ, ಬಂದಾಗ ಒಳ್ಳೇ ಕಾಫಿ ಕುಡಿಸ್ಬೇಕು' ಅಂತಿದ್ರು. ಕುಡಿಸಿದ್ರಾ?"

ಹೂಂ ಎಂದೆ. ಸುಳ್ಳು.

ಮೊನ್ನೆ ಆ ಕಟ್ಟಡದ ಹತ್ತಿರ ಹೋಗಿ ನಿಂತೆ. ಎಷ್ಟೋ ವರ್ಷದ ಮೇಲೆ ನೇರ ದಾರಿಯಲ್ಲಿ ಹೋದದ್ದು. ಮೆಟ್ಟಿಲಡಿಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ನನ್ನಿಂದ ತಪ್ಪಾಯಿತು ಎಂದು ಒಂದೇ ಒಂದು ಮಾತು ಹೇಳಬೇಕಾಗಿತ್ತು, ಅದಕ್ಕೆ ಇಷ್ಟು ವರ್ಷ ಬಿಡುವಾಗಲಿಲ್ಲ ನನಗೆ...

ಅಂಗಡಿಯವನು ತಲೆಯೆತ್ತಿ, "ಏನ್ ಬೇಕಿತ್ತು ಆಂಟಿ?" ಎಂದ.

ಏನಿಲ್ಲಪ್ಪ ಎಂದು ಬಂದುಬಿಟ್ಟೆ.