ತಾಯಂದಿರ ಸಭೆಯ ಮೇಡಂ

ಕಾರವಾರದ ಸೆಕೆಯಲ್ಲೂ ಆಕೆಯ ಗಂಜಿ ಹಾಕಿದ ಸೀರೆಯಲ್ಲಿ ಒಂದು ಸುಕ್ಕೂ ಕಾಣುತ್ತಿರಲಿಲ್ಲ. ನಾವೆಲ್ಲ ಬೆವರಿ ತೊಪ್ಪೆಯಾಗಿರುತ್ತಿದ್ದೆವು. ಎರಡು ಸಾವಿರನೇ ಇಸವಿಯಿಂದ ಈಚಿನ ವರ್ಷಗಳು. ನಾನು ಬಂದರಿನ ಪಕ್ಕದ ಬೈತಖೋಲದಲ್ಲಿ ಅಂಗನವಾಡಿ ಶಿಕ್ಷಕಿ. ಆಕೆ ಪುಟ್ಟ ಮಕ್ಕಳ ಶಿಕ್ಷಣ ನೀತಿ ಬರೆಯುವ ಸಲಹೆಗಾರ್ತಿ, ಬೆಂಗಳೂರಿನಿಂದ ಬರುವವರು. ನಮಗೆ ಬರೀ ‘ಮೇಡಂ’.

ಸುಳ್ಳು ಯಾಕೆ ಹೇಳಲಿ, ನನಗೆ ಕೆಲಸ ಕಲಿಸಿದ್ದು ಆಕೆಯೇ. ಅಂಕೋಲೆಯ ತರಬೇತಿಯಲ್ಲಿ ನೆಲದ ಮೇಲೆ ಕೂತು ಹಾಡು ಹೇಳಿಕೊಟ್ಟರು. “ಅಮ್ಮಂದಿರು ಒಳಗೆ ಬರದ ಅಂಗನವಾಡಿ ಬರೀ ಗೋಡೆ,” ಎನ್ನುತ್ತಿದ್ದರು. ನಾನು ನಂಬಿದೆ, ಮಳ್ಳಿ!

ಒಮ್ಮೆ ತಾಯಂದಿರ ಸಭೆಗೆ ಮೀನು ಮಾರುವವಳೊಬ್ಬಳು ದೋಣಿ ನಿಲ್ಲುವ ಧಕ್ಕೆಯ ಮೀನು ಹರಾಜಿನಿಂದ ನೆಟ್ಟಗೆ ಬಂದಳು. ಬುಟ್ಟಿ ಹೊರಗಿಟ್ಟರೆ ಕಾಗೆಗಳು ಬಿಡುತ್ತವೆಯೇ? ಒಳಗೇ ಇಟ್ಟುಕೊಂಡು ಮಗಳ ಪಕ್ಕ ಕೂತಳು. ಮೇಡಂ ಮೂಗಿಗೆ ಸೆರಗು ಹಿಡಿದು, “ಇವರು ಹೊರಗೆ ಕೂತು ಕೇಳಲಿ,” ಎಂದರು. ಅವಳು ಬುಟ್ಟಿಯನ್ನೂ ಎತ್ತಿದಳು, ಮಗಳನ್ನೂ ಎತ್ತಿದಳು, ನನ್ನ ಕಡೆ ತಿರುಗಿದಳು.

“ಅಕ್ಕೋರೆ, ನಾ ನಾತ ಅಂದ್ರೆ ನನ್ನ ಮಗ್ಳೂ ನಾತವೇ ಅಲ್ವಾ? ನಾಳಿಂದ ಕಳ್ಸೂದಿಲ್ಲ.”

ಆಮೇಲೆ ಆ ಮಗು ಧಕ್ಕೆಯಲ್ಲಿ ಮಂಜುಗಡ್ಡೆ ಪೆಟ್ಟಿಗೆಗಳ ನಡುವೆ ತಾನೊಂದೇ ಆಡಿಕೊಂಡಿರುತ್ತಿತ್ತು. ನಾನು ಹೋಗಿ ಕೈಮುಗಿದರೂ ತಾಯಿ ಜಗ್ಗಲಿಲ್ಲ. “ಹೊರಗೆ ಹಾಕ್ದೋರೇ ಬಂದು ಕರೀಲಿ,” ಎಂದಳು. ಮೇಡಂಗೆ ಹೇಳಿದೆ. “ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡಿ,” ಎಂದು ನಕ್ಕರು. ಹಚ್ಚಿಕೊಂಡೆ, ಸರಿಯಾಗಿಯೇ ಹಚ್ಚಿಕೊಂಡೆ.

ಕೆಲವು ತಿಂಗಳ ಮೇಲೆ ಮೇಡಂ ತಮ್ಮ ‘ಕುಟುಂಬ ಸಹಭಾಗಿತ್ವ’ ತೋರಿಸಲು ದಿಲ್ಲಿಯ ಅತಿಥಿಗಳನ್ನು ಕರೆತಂದರು. ನಾನು ಮೊದಲೇ ಮನೆಮನೆ ಸುತ್ತಿ ಬಂದಿದ್ದೆ. ತಾಯಂದಿರೆಲ್ಲ ಬುಟ್ಟಿ ಸಮೇತ ಬಂದು ಅಂಗಳದಲ್ಲೇ ಕೂತರು. ಒಳಗೆ ಅತಿಥಿಗಳು ಮತ್ತು ಖಾಲಿ ಚಾಪೆ. ಮೇಡಂ ಒಳಗೆ ಬನ್ನಿ ಎಂದು ಕರೆದಿದ್ದೇ ಕರೆದಿದ್ದು.

“ನಾವು ಹೊರಗೆ ಕೂತು ಕೇಳೋರು ಅಲ್ವಾ, ಬಾಯೋರೆ?” ಎಂದಳು ಆ ತಾಯಿ.

“ಇವಳ ಮಗು ಧಕ್ಕೆಯಲ್ಲಿದೆ ಮೇಡಂ,” ಎಂದೆ ಎಲ್ಲರೆದುರಿಗೇ. “ನೀವೇ ಹೋಗಿ ಕೈಹಿಡಿದು ಕರೆತನ್ನಿ. ಆಮೇಲೆ ಸಭೆ.”

ಆಕೆಯ ಮುಖ ಕಪ್ಪಿಟ್ಟಿತು. ಧಕ್ಕೆ ಕೂಗಳತೆಯಲ್ಲಿತ್ತು. ಆಕೆ ಕಾರು ಹತ್ತಿದರು, ಅತಿಥಿಗಳೂ ಹಿಂದೆಯೇ. ಹೆಂಗಸರು ಹೋ ಎಂದು ನಕ್ಕರು, ನಾನೂ ನಕ್ಕೆ. ಆಹಾ, ಎಂಥಾ ತಂಪು! ಆದರೆ ಮಗು ಮಾತ್ರ ಮತ್ತೆ ಅಂಗನವಾಡಿಗೆ ಬರಲೇ ಇಲ್ಲ. ಅದಕ್ಕೇ ನನ್ನ ಸಿಟ್ಟು ಆರಲಿಲ್ಲ.

ಮೇಡಂ ತೀರಿಕೊಂಡಾಗ ಪೇಪರಿನಲ್ಲಿ ಫೋಟೋ ಬಂತು, ಕೆಳಗೆ ‘ಬಡ ತಾಯಂದಿರ ಗೆಳತಿ’ ಎಂದು. ಮೀನು ತರಲು ಹೋದಾಗ ಆ ತಾಯಿಗೆ ಓದಿ ಹೇಳಿದೆ.

“ಹೌದಾ?” ಎಂದಳು. ಪೇಪರು ಇಸಕೊಂಡು, ಆ ಹಾಳೆಯಲ್ಲೇ ಬಂಗಡೆ ಸುತ್ತಿ ನನ್ನ ಕೈಗಿಟ್ಟಳು. ನಾನು ಬೇಡ ಅನ್ನಲಿಲ್ಲ.