ಡೆಲ್ಲಿ ಕಾಯ್ತದೆ

ಚಾಮರಾಜನಗರದ ನಮ್ಮ ಪುಟ್ಟ ರೇಡಿಯೋ ಕೇಂದ್ರದಲ್ಲಿ ಅವರು ಉದ್ಘೋಷಕಿ. ಗಂಟೆಯಾದೊಡನೆ ನಮ್ಮ ಕಾರ್ಯಕ್ರಮ ನಿಲ್ಲಿಸಿ ದೆಹಲಿಯ ವಾರ್ತೆಗೆ ಜೋಡಿಸಬೇಕು. ತಪ್ಪಿದರೆ ಅವರ ಕೆಲಸಕ್ಕೇ ಕುತ್ತು. ಆದರೂ ನೇರಪ್ರಸಾರದ ಫೋನಿನಲ್ಲಿ ಕೇಳುಗರು ಯಾರಾದರೂ ತಡವರಿಸಿದರೆ, ಬಳೆ ಸದ್ದಾಗದಂತೆ ಮೇಲೆ ಸರಿಸಿಕೊಂಡು, "ನಿಧಾನಕ್ಕೆ ಹೇಳಿ, ಡೆಲ್ಲಿ ಕಾಯ್ತದೆ" ಅನ್ನುತ್ತಿದ್ದರು.

ಒಂದು ಸಂಜೆ ಕುದೇರಿನ ಹೆಂಗಸೊಬ್ಬಳು ಫೋನು ಮಾಡಿದಳು. ಜಗಳವಾಡಿ ಹೋದ ಗಂಡ ಹಂಗಳದ ತನ್ನ ತಂಗಿ ಮನೆಯಲ್ಲಿ ರೇಡಿಯೋ ಕೇಳುತ್ತಿರುತ್ತಾನಂತೆ. ಮುಂದೆ ಮಾತೇ ಹೊರಡಲಿಲ್ಲ. ಪಕ್ಕದಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ನಾನು ಗಡಿಯಾರ ತೋರಿಸಿದೆ. ಉದ್ಘೋಷಕಿ ನನ್ನ ಕೈ ಇಳಿಸಿ ಸುಮ್ಮನೆ ಕಾದರು. ಆ ಮೌನವನ್ನು ನನ್ನ ನೆನಪು ಹಿಗ್ಗಿಸಿರಲೂಬಹುದು.

"ಉಪ್ಸಾರು ಮಾಡಿವ್ನಿ, ಬಂದ್ಬುಡು," ಅಂದಳು ಕೊನೆಗೆ.

ದೆಹಲಿಯ ವಾರ್ತೆ ನಮ್ಮಲ್ಲಿ ಅರ್ಧದಿಂದ ಶುರುವಾಯಿತು. ಮುಖ್ಯಸ್ಥರು ಓಡಿಬಂದರು. "ಏನಮ್ಮಾ ಇದು?"

"ಡೆಲ್ಲೀಲಿ ಗಂಟೆಗೊಂದು ವಾರ್ತೆ ಅದೆ ಸಾರ್. ಹಂಗಳದಿಂದ ಇವತ್ತು ಇರೋದು ಇನ್ನೊಂದೇ ಬಸ್ಸು."