ಕರಿಯಯ್ಯ ಹಾಕಿದ ಬೀಗ

ಕೊತ್ತತ್ತಿಯ ಕರಿಯಯ್ಯನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಕರೆಂಟಿನ ತಂತಿ ಎಲ್ಲಿ ಜಗ್ಗಿದೆ, ಯಾವ ಕಂಬ ಯಾವ ಕಡೆಗೆ ವಾಲಿದೆ ಎಂದು ಕೂತಲ್ಲಿಂದಲೇ ಹೇಳುತ್ತಿದ್ದ. ಆರು ವರ್ಷದಿಂದ ಅವನೂ ಅವನ ಊರಿನವನೇ ಆದ ಮರಿಸಿದ್ದಯ್ಯನೂ ಜೊತೆಯಾಗಿ ಆ ತಂತಿಯ ರಿಪೇರಿ ನೋಡಿಕೊಳ್ಳುತ್ತಿದ್ದರು. ಒಬ್ಬ ಕಂಬ ಹತ್ತಿದರೆ ಇನ್ನೊಬ್ಬ ಕೆಳಗೆ ನಿಲ್ಲುತ್ತಿದ್ದ.

೧೯೩೫ರ ಆಷಾಢದಲ್ಲಿ ಕಾಳಮುದ್ದನದೊಡ್ಡಿಯ ಹತ್ತಿರ ಗಾಳಿಗೆ ಒಂದು ಕಂಬದ ಮೇಲೆ ತಂತಿ ಕೂರಿಸಿದ್ದ ಪಿಂಗಾಣಿ ಬಟ್ಟಲು ಒಡೆಯಿತು. ಕರಿಯಯ್ಯ ಹತ್ತಿರದ ಕಂಬಕ್ಕೆ ಬಿಗಿದಿದ್ದ ಟೆಲಿಫೋನು ಪೆಟ್ಟಿಗೆಯಿಂದ ಮದ್ದೂರಿಗೆ ಹೇಳಿ ಕರೆಂಟು ತೆಗೆಸಿದ. ಆ ತಂತಿಗೆ ಕರೆಂಟು ಬಿಡುತ್ತಿದ್ದ, ಮದ್ದೂರಿನ ಹೊರಗಿನ ಹಂಚಿನ ಕಟ್ಟಡವನ್ನು ಜನ ಕರೆಂಟು ಮನೆ ಅನ್ನುತ್ತಿದ್ದರು. ಅಲ್ಲಿ ಸ್ವಿಚ್ಚು ಹಾಕುವ, ತೆಗೆಯುವ ಕೆಲಸ ಪಾರ್ಥಸಾರಥಿ ಅಯ್ಯಂಗಾರರದು. ಮರಿಸಿದ್ದಯ್ಯ ಕಂಬ ಹತ್ತಿದ. ಕೆಲಸ ಅಂದುಕೊಂಡದ್ದಕ್ಕಿಂತ ತಡವಾಯಿತು. ಕರೆಂಟು ಮನೆಯಲ್ಲಿ ಅಯ್ಯಂಗಾರರು ಕಾಯುತ್ತಿರಬಹುದೆಂದು ಕರಿಯಯ್ಯ ಮತ್ತೆ ಪೆಟ್ಟಿಗೆಯ ಹತ್ತಿರ ಹೋಗಿ ಕೂಗಿದ.

"ಇನ್ನೂ ಮುಗ್ದಿಲ್ಲ ಸ್ವಾಮಿ, ಕರೆಂಟು ಬುಡಬ್ಯಾಡಿ!"

ಟೆಲಿಫೋನು ಗೊರಗೊರ ಅಂದಿತು. ಅವನು ತಿರುಗಿ ಕಂಬದ ಬುಡಕ್ಕೆ ಬರುವಷ್ಟರಲ್ಲಿ ಮೇಲೆ ಛಟ್ಟೆಂದು ಬೆಂಕಿ ಹಾರಿತು. ಮರಿಸಿದ್ದಯ್ಯ ಗದ್ದೆಯ ಕೆಸರಿಗೆ ಬಿದ್ದ. ಕೆಸರು ಅವನ ಜೀವ ಉಳಿಸಿತು. ಸುಟ್ಟುಹೋದ ಬಲಗೈಯನ್ನು ಮಾತ್ರ ಮೈಸೂರಿನಲ್ಲಿ ಮೊಣಕೈವರೆಗೂ ಕತ್ತರಿಸಬೇಕಾಯಿತು.

ಮರಿಸಿದ್ದಯ್ಯನನ್ನು ಆಸ್ಪತ್ರೆಗೆ ಸೇರಿಸಿದ ಮಾರನೆಯ ದಿನ ಕರಿಯಯ್ಯ ಕರೆಂಟು ಮನೆಗೆ ನುಗ್ಗಿದ. ಪಾರ್ಥಸಾರಥಿಗಳ ಅಂಗಿ ಹಿಡಿದು ಗೋಡೆಗೆ ಒತ್ತಿದ.

"ಯಾಕ್ರೀ ಬುಟ್ರಿ ಕರೆಂಟ?"

ಅವರು ಬಿಡಿಸಿಕೊಳ್ಳಲೂ ಇಲ್ಲ. ಹಿಂದಿನ ದಿನದಿಂದ ಊಟ ಮಾಡಿದ ಮುಖವಲ್ಲ ಅದು. "ಬಿಡು ಅಂದೆಯಲ್ಲೋ ಕರಿಯಯ್ಯ. 'ಮುಗ್ದ' ಅಂತ ಕೇಳಿಸ್ತು. 'ಕರೆಂಟು ಬುಡ' ಅಂತ ಕೇಳಿಸ್ತು. ಆಮೇಲೆ ಬರೀ ಗಾಳಿ."

"ಬುಡಬ್ಯಾಡಿ ಅಂದೆ ಕಣ್ರೀ! ಬುಡ..."

ಆ ಎರಡಕ್ಷರ ಅವನ ಕಿವಿಗೂ ಈಗ ಬಿತ್ತು. ಅಂಗಿಯನ್ನು ಬಿಟ್ಟ. ಹೊರಗೆ ಬಂದು ಜಗಲಿಯ ಕಂಬಕ್ಕೆ ಮುಷ್ಟಿಯಿಂದ ಗುದ್ದಿದ, ಬೆರಳ ಗೆಣ್ಣಿನ ಚರ್ಮ ಕಿತ್ತು ಬರುವವರೆಗೂ ಗುದ್ದಿದ. ಹೊಡೆಯಲು ಒಬ್ಬ ಮನುಷ್ಯ ಸಿಕ್ಕಿದ್ದರೆ ಅವನ ಸಿಟ್ಟು ಅಂದೇ ಮುಗಿದುಹೋಗುತ್ತಿತ್ತೋ ಏನೋ.

ವಿಚಾರಣೆಗೆ ಮಂಡ್ಯದಿಂದ ಸೂಪರ್‌ವೈಸರ್ ಕಸ್ತೂರಿರಂಗ ಬಂದರು. ತಪ್ಪು ಯಾರದು ಎಂಬುದೊಂದೇ ಅವರ ಪ್ರಶ್ನೆ. ಕೊನೆಗೆ ಕೆಲಸಗಾರರ ಅಜಾಗರೂಕತೆ ಎಂದು ಬರೆದುಕೊಂಡು, ಗೋಡೆಗೆ ಒಂದು ಬೋರ್ಡು ಹಾಕಿಸಿದರು. ಪಾರ್ಥಸಾರಥಿಗಳು ಅದನ್ನು ಓದಿ ಹೇಳಿದರು: 'ಸದಾ ಎಚ್ಚರಿಕೆಯಿಂದಿರಿ.'

ಕರಿಯಯ್ಯನ ಮೈ ಉರಿದುಹೋಯಿತು. "ಬೋರ್ಡು ಆಕುದ್ರೆ ಟೆಲಿಫೋನು ನೆಟ್ಟಗೆ ಕೇಳಿಸ್ತದಾ ಸ್ವಾಮಿ? ಅವತ್ತು ನಾನೂ ಎಚ್ಚರವಾಗೇ ಇದ್ದೆ. ಇವ್ರೂ ಎಚ್ಚರವಾಗೇ ಇದ್ರು. ಮರಿಸಿದ್ದ ಕಂಬದ ಮ್ಯಾಲೆ ನಿದ್ದೆ ಒಡೀತಿದ್ನಾ?"

"ನಾಲಿಗೆ ಬಿಗಿ ಹಿಡಿ," ಎಂದರು ಕಸ್ತೂರಿರಂಗ.

ಮುಂದಿನ ಮಂಗಳವಾರ ಅವನು ಮದ್ದೂರು ಸಂತೆಯಲ್ಲಿ ದನ ಕಟ್ಟುವ ಒಂದು ಸರಪಳಿ, ಒಂದು ದಪ್ಪ ಬೀಗ ಕೊಂಡು ತಂದ. ಮಳವಳ್ಳಿ ತಂತಿಯ ಸ್ವಿಚ್ಚಿನ ಹಿಡಿ ಕೆಳಗಿಳಿದು ಕರೆಂಟು ನಿಂತಿದ್ದಾಗ ಅದಕ್ಕೆ ಸರಪಳಿ ಸುತ್ತಿ ಬೀಗ ಜಡಿದ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

"ನಾನು ಕೆಲಸಕ್ಕೋಗುವಾಗ ಇದ ಆಕಿ ಓಯ್ತೀನಿ. ನಾನೇ ಬಂದು ತೆಗೀಬೇಕು. ಟೆಲಿಫೋನಲ್ಲಿ ಯಾರು ಏನಾರ ಕೂಗ್ಲಿ."

"ಇದಕ್ಕೆ ಅಪ್ಪಣೆ ಇಲ್ಲವಲ್ಲೋ," ಎಂದರು ಪಾರ್ಥಸಾರಥಿ. ಆದರೆ ತಡೆಯಲಿಲ್ಲ.

ಕಾರ್ತಿಕ ಮಾಸದಲ್ಲಿ ಒಂದು ದಿನ ಆ ತಂತಿಯಲ್ಲಿ ಎರಡು ಕಡೆ ಕೆಲಸ ಬಿತ್ತು. ಮಳವಳ್ಳಿಯ ಹತ್ತಿರ ಸಿದ್ದರಾಜುವಿನ ತಂಡ, ಕಾಳಮುದ್ದನದೊಡ್ಡಿಯ ಹತ್ತಿರ ಸ್ವಿಚ್ಚಿಗೆ ಬೀಗ ಜಡಿದು ಹೋಗಿದ್ದ ಕರಿಯಯ್ಯ. ಮಳವಳ್ಳಿಯ ಅಕ್ಕಿ ಗಿರಣಿ ನಿಂತು ಗಿರಣಿಯವರು ದೂರು ಕೊಟ್ಟಿದ್ದರಿಂದ ಕಸ್ತೂರಿರಂಗ ಸ್ವತಃ ಕರೆಂಟು ಮನೆಗೆ ಬಂದು ಕೂತಿದ್ದರು. ಸಿದ್ದರಾಜು ಟೆಲಿಫೋನಿನಲ್ಲಿ, "ನಮ್ದು ಮುಗೀತು, ಬುಡಿ" ಎಂದ. ಈ ಸಲ ಪ್ರತಿಯೊಂದಕ್ಷರವೂ ಸ್ಪಷ್ಟವಾಗಿ ಕೇಳಿಸಿತು.

"ಹಾಕ್ರೀ ಸ್ವಿಚ್ಚು," ಎಂದರು ಕಸ್ತೂರಿರಂಗ.

"ಬೀಗ ಇದೆ ಸಾರ್. ಕರಿಯಯ್ಯ ಬರಬೇಕು."

"ಕೆಲಸ ಮುಗಿದಿದೆ ಅಂತ ಈಗ ತಾನೆ ಕೇಳಲಿಲ್ವೇನ್ರಿ? ಸುತ್ತಿಗೆ ತರಿಸಿ!"

ಪಾರ್ಥಸಾರಥಿಗಳು ಹಿಡಿಯ ಮುಂದೆ ಹೋಗಿ ನಿಂತರು. "ಒಂದು ಸಲ ಕೇಳಿದ ಮಾತು ನಂಬಿ ಸ್ವಿಚ್ಚು ಹಾಕಿದೆ. ಇನ್ನೊಂದು ಸಲ ನನ್ನಿಂದ ಆಗೋಲ್ಲ. ಬೇಕಿದ್ದರೆ ನನ್ನನ್ನು ಕೆಲಸದಿಂದ ತೆಗೆಯಿರಿ."

ಒಂದೂವರೆ ಗಂಟೆಯ ಮೇಲೆ ಕರಿಯಯ್ಯ ಸೈಕಲ್ಲು ತುಳಿದುಕೊಂಡು, ಬೆವರು ಸುರಿಸುತ್ತ ಬಂದ. ನಡೆದದ್ದನ್ನು ಪಾರ್ಥಸಾರಥಿಗಳು ಹೇಳಿದರು. ಅವನು ಬೀಗ ತೆಗೆಯದೆ ನೇರವಾಗಿ ಕಸ್ತೂರಿರಂಗರ ಮುಂದೆ ಹೋಗಿ ಬೀಗದ ಕೈ ಹಿಡಿದು ತೋರಿಸಿದ.

"ಸಿದ್ದರಾಜ ಬುಡಿ ಅಂದಾಗ ನಾನು ಎರಡು ಕೈಲೂ ತಂತಿ ಇಡ್ಕಂಡಿದ್ದೆ ಸ್ವಾಮಿ. ಸುತ್ತಿಗೆ ಸಿಕ್ಕಿದ್ರೆ ಇನ್ನೊಂದು ಬೋರ್ಡು ಬರೆಸ್ತಿದ್ರಾ?"

ಆಮೇಲೆ ಹೋಗಿ ಬೀಗ ತೆಗೆದ. ವಾರದೊಳಗೆ ಕಾಗದ ಬಂತು. ಅಪ್ಪಣೆಯಿಲ್ಲದೆ ಬೀಗ ಹಾಕಿದ್ದಕ್ಕೆ ಕರಿಯಯ್ಯನನ್ನು ಕೆರಗೋಡಿನ ಕಡೆಯ ತಂತಿಗೆ ವರ್ಗ ಮಾಡಲಾಗಿತ್ತು.

ಮೂರು ತಿಂಗಳ ಮೇಲೆ ಇನ್ನೊಂದು ಹುಕುಂ ಬಂತು. ರಿಪೇರಿ ನಡೆಯುವಾಗ ಪ್ರತಿ ತಂತಿಯ ಸ್ವಿಚ್ಚಿಗೂ ಒಂದು ಬೀಗ ಹಾಕತಕ್ಕದ್ದು ಎಂದಿತ್ತು; ಸಲಹೆ ಕಸ್ತೂರಿರಂಗರದು ಎಂದೂ ಇತ್ತು. ಅದನ್ನು ಓದಿಸಿ ಕೇಳಿದ ಕರಿಯಯ್ಯ ಕೆಂಡವಾದ. ಹೆಂಡತಿ ದೊಡ್ಡತಾಯಮ್ಮ, "ಓಗ್ಲಿ ಬುಡು, ನೀನಂದಂಗೇ ಆಯ್ತಲ್ಲ," ಎಂದು ಸಮಾಧಾನ ಹೇಳಿದಳು.

"ಎಲ್ಲಾಯ್ತಮ್ಮಿ? ತಂತಿಗೊಂದು ಬೀಗ ಅಂತೆ! ಎರಡು ತಂಡ ಕೆಲಸಕ್ಕೋದ್ರೆ? ಒಬ್ಬ ತೆಗುದ್ರೆ ಇನ್ನೊಬ್ಬ ಸಾಯಬೇಕಾ? ಸಲಹೆಗೆ ಅವರ ಎಸರೇ ಇರ್ಲಿ, ಬೀಗನಾರ ನೆಟ್ಟಗೆ ಆಕ್ಸಲಿ!"

ಮರುದಿನವೇ ಕೆರಗೋಡಿನಿಂದ ಬಸ್ಸು ಹತ್ತಿ ಮಂಡ್ಯದ ಕಚೇರಿಗೆ ಹೋದ. ಹೊರಗೆ ಹಾಕಿದರು. ಮತ್ತೆ ಹೋದ. ನಾಲ್ಕನೆಯ ಸಲ ಪಾರ್ಥಸಾರಥಿಗಳೂ ರಜೆ ಹಾಕಿ ಜೊತೆಗೆ ಬಂದು, ಕಾರ್ತಿಕದ ಸಂಗತಿಯನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ರುಜು ಹಾಕಿ ಕೊಟ್ಟರು. ೧೯೩೭ರಲ್ಲಿ ಹುಕುಮನ್ನು ತಿದ್ದಿದರು: ಎಷ್ಟು ತಂಡವೋ ಅಷ್ಟು ಬೀಗ, ಅವರವರ ಬೀಗದ ಕೈ ಅವರವರ ಹತ್ತಿರ.

ಮರಿಸಿದ್ದಯ್ಯನಿಗೆ ಕರೆಂಟು ಮನೆಯಲ್ಲೇ ಒಂದು ಕೆಲಸ ಕೊಡಿ ಎಂದೂ ಕರಿಯಯ್ಯ ಕೇಳಿದ್ದ. ಅದು ಆಗಲಿಲ್ಲ. ಒಂದು ಕೈಯವನಿಗೆ ಕೆಲಸವಿಲ್ಲ ಎಂದರು. ಮರಿಸಿದ್ದಯ್ಯ ಕೊತ್ತತ್ತಿಯ ನಾಲೆ ಬಯಲಿನಲ್ಲಿ ಎಡಗೈಯಲ್ಲೇ ಗುದ್ದಲಿ ಹಿಡಿದು ಗದ್ದೆಗಳಿಗೆ ನೀರು ಕಟ್ಟಿಕೊಂಡಿದ್ದ. "ಸಾಕು ಬುಡ್ಲಾ, ಇನ್ನೂ ಎಷ್ಟು ದಿಸ ಉರ್ಕಂಡಿದ್ದೀಯೆ?" ಎಂದು ಅವನೇ ಕರಿಯಯ್ಯನಿಗೆ ಹೇಳಿದ್ದುಂಟು.

ಕರಿಯಯ್ಯ ಬಿಡಲಿಲ್ಲ. ಮಂಡ್ಯಕ್ಕೆ ಹೋದಾಗಲೆಲ್ಲ ಕಚೇರಿಯ ಮೆಟ್ಟಿಲು ಹತ್ತಿ ಅದೇ ಮಾತು ಕೇಳುತ್ತಿದ್ದ. ಅವನ ದನಿ ಕೇಳಿದರೆ ಗುಮಾಸ್ತರು ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಿದ್ದರು.